ಧಕ್ಕೆಯ ಮೇಲೆ ಮಕ್ಕಳೊಡನೆ ಒಂದು ದಿನ



ಓದುಗ ಸೋದರಿಯೊಬ್ಬರು ಕಳೆದ ತಿಂಗಳು ಪತ್ರ ಬರೆದಿದ್ದಾರೆ. ಅವರ ಮನೆ ಬಯಲುಸೀಮೆಯ ಒಂದು ಊರಿನಲ್ಲಿ. ಮಕ್ಕಳು ಇದುವರೆಗೆ ಸಮುದ್ರವನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ಈ ಸಲದ ರಜೆಯಲ್ಲಿ ಶಿವಮೊಗ್ಗದ ಬೀಗರ ಮನೆಗೆ ಹೋಗುವುದಿದೆ. ಅಲ್ಲಿಂದ ಒಂದು ದಿನ ಮಲ್ಪೆಗೆ ಹೋಗಿಬರಬೇಕೆಂದು ಮಕ್ಕಳ ಹಟ. ಪತ್ರದ ಕೊನೆಯಲ್ಲಿ ಅವರು ಕೇಳಿರುವ ಮಾತು ಇದು: “ಬಂದರಿನಲ್ಲಿ ಮಕ್ಕಳು ನೋಡಿ ಕಲಿಯುವಂಥದ್ದು ಏನಿದೆ? ಅಲ್ಲೆಲ್ಲ ಮೀನಿನ ವ್ಯವಹಾರವೇ ಹೆಚ್ಚಂತೆ. ನಮ್ಮಂಥವರು ಮಕ್ಕಳನ್ನು ಕರೆದುಕೊಂಡು ಹೋಗಬಹುದೆ?”

ಹೋಗಬಹುದು, ಅಗತ್ಯವಾಗಿ ಹೋಗಬೇಕು ಎಂಬುದೇ ನನ್ನ ಉತ್ತರ. ಆದರೆ ಹೊರಡುವ ಮುನ್ನ ಬುತ್ತಿ ಕಟ್ಟುವಂತೆ ಮನಸ್ಸನ್ನೂ ಸಿದ್ಧಪಡಿಸಿಕೊಳ್ಳಬೇಕು. ಹಾಗೆ ಸಿದ್ಧನಾಗದೆ ಹೋಗಿ ಪೆಟ್ಟು ತಿಂದವನು ನಾನು. ಆದ್ದರಿಂದ ನನ್ನ ತಪ್ಪಿನಿಂದಲೇ ಈ ತಿಂಗಳ ಮಾತನ್ನು ಆರಂಭಿಸುತ್ತೇನೆ.

ಕರಾವಳಿಯಲ್ಲಿ ದೋಣಿಗಳು ಬಂದು ನಿಲ್ಲುವ, ಸರಕು ಇಳಿಸುವ ಕಟ್ಟೆಗೆ ‘ಧಕ್ಕೆ’ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಈ ಮಾತು ಕೇಳಿದೊಡನೆ ವಿಚಿತ್ರವೆನಿಸುತ್ತದೆ. ಧಕ್ಕೆ ಎಂದರೆ ನಮಗೆ ಪೆಟ್ಟು, ಹಾನಿ. ಮಾನಕ್ಕೆ ಧಕ್ಕೆ, ಮನಸ್ಸಿಗೆ ಧಕ್ಕೆ ಎಂದೇ ಬಳಸುತ್ತೇವೆ. ಮರಾಠಿಯಲ್ಲಿಯೂ ಹಡಗುಕಟ್ಟೆಗೆ ಇದೇ ಹೆಸರು; ಮುಂಬಯಿಯ ‘ಭಾವೂಚಾ ಧಕ್ಕಾ’ ಪ್ರಸಿದ್ಧವಾದುದು. ಒಂದೇ ಶಬ್ದಕ್ಕೆ ಇರುವ ಈ ಎರಡು ಅರ್ಥಗಳನ್ನೂ ನಾನು ಒಂದೇ ಬೆಳಗಿನಲ್ಲಿ ಅನುಭವಿಸಿದೆ.

ನಾಲ್ಕು ವರ್ಷಗಳ ಹಿಂದಿನ ದಸರಾ ರಜೆಯ ದಿನಗಳವು. ಶಿವಮೊಗ್ಗದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮಗಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗಳು, ಏಳು ವರ್ಷದ ಮೊಮ್ಮಗ ಮತ್ತು ನಾನು ಹೀಗೆ ಐವರು ನಸುಕಿನಲ್ಲಿ ಹೊರಟು, ತೀರ್ಥಹಳ್ಳಿ, ಆಗುಂಬೆಯ ಮಾರ್ಗವಾಗಿ ಒಂಬತ್ತು ಗಂಟೆಯ ಹೊತ್ತಿಗೆ ಮಲ್ಪೆಯ ಮೀನುಗಾರಿಕಾ ಬಂದರನ್ನು ತಲುಪಿದೆವು. ಯೋಜನೆ ಎಂಬುದು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಂದರನ್ನು ಒಂದು ಜಾತ್ರೆಯೆಂದು ಭಾವಿಸಿ ಒಳಹೊಕ್ಕೆವು.

ಆದರೆ ಅದು ಜಾತ್ರೆಯಲ್ಲ, ದುಡಿಮೆಯ ನೆಲ. ಒಂದಕ್ಕೊಂದು ಒತ್ತಿ ನಿಂತ ನೂರಾರು ಬೋಟುಗಳು. ಬುಟ್ಟಿಗಳನ್ನು ಎಳೆದೊಯ್ಯುವ ಆಳುಗಳು. ಹರಾಜು ಕೂಗುವವರ ದನಿ. ಹಿಂದೆ ಹಿಂದೆ ಬರುವ ಟೆಂಪೊ, ಲಾರಿಗಳು. ನೀರು, ಮಂಜುಗಡ್ಡೆಯ ಚೂರು, ಮೀನಿನ ಪೊರೆ ಬಿದ್ದು ಜಾರುವ ಕಾಂಕ್ರೀಟು ನೆಲ. ಮೀನಿನ ವಾಸನೆಯಂತೂ ಮುಖಕ್ಕೆ ಬಡಿಯುವಂತಿತ್ತು. ಮೊಮ್ಮಗ ಎರಡೂ ಕೈಗಳಿಂದ ಮೂಗು ಮುಚ್ಚಿಕೊಂಡು, “ಛೀ ಅಜ್ಜಾ, ಎಂಥ ನಾತ ಇದು! ಇಲ್ಲಿ ಇವರೆಲ್ಲ ಹೇಗಿರ್ತಾರೆ?” ಎಂದು ಗಟ್ಟಿಯಾಗಿ ಕೂಗಿದ. ಅಲ್ಲಿದ್ದ ನಾಲ್ಕಾರು ಹೆಂಗಸರು ತಲೆಯೆತ್ತಿ ನೋಡಿದರು. ನಾನು ಅವನನ್ನು ಗದರಿಸಲಿಲ್ಲ. ಸತ್ಯ ಹೇಳುವುದಾದರೆ ನನ್ನ ಹೆಗಲ ವಸ್ತ್ರವೂ ಆಗ ನನ್ನ ಮೂಗಿನ ಮೇಲೆಯೇ ಇತ್ತು.

ಮೂಗು ಮುಚ್ಚಿಕೊಂಡೇ ಹುಡುಗ ಹಿಂದಕ್ಕೆ ಹಿಂದಕ್ಕೆ ಸರಿದ. ಅವನ ಬೆನ್ನ ಹಿಂದೆ ಧಕ್ಕೆಯ ಅಂಚು. ಇಳಿತದ ಹೊತ್ತಾದ್ದರಿಂದ ನೀರು ಬಹಳ ಕೆಳಗಿತ್ತು. ನೀರಿಗೂ ಕಟ್ಟೆಗೂ ನಡುವೆ ಬೋಟುಗಳ ಒಡಲು ಉಜ್ಜಾಡುತ್ತಿದ್ದವು. ಅವನ ಕಾಲು ಜಾರಿದ್ದನ್ನು ನಾನು ಕಂಡೆ. ಕೂಗಲು ದನಿ ಹೊರಡಲಿಲ್ಲ. ಅಷ್ಟರಲ್ಲಿ ಅಲ್ಲಿಯೇ ಮೀನು ವಿಂಗಡಿಸುತ್ತ ಕುಳಿತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಬುಟ್ಟಿಯನ್ನು ಬಿಟ್ಟು, ಚಂಗನೆ ಎದ್ದು ಅವನ ತೋಳನ್ನು ಹಿಡಿದು ಈಚೆಗೆ ಎಳೆದುಕೊಂಡಳು. ಬುಟ್ಟಿ ಉರುಳಿತು, ಮೀನು ನೆಲದ ಮೇಲೆ ಚೆಲ್ಲಿತು. “ಮಕ್ಕಳ ಕೈ ಹಿಡ್ಕೊಳ್ಳಿ ಅಜ್ಜ, ಇಲ್ಲಿ ಜಾರ್ತದೆ” ಎಂದಷ್ಟೇ ಆಕೆ ಹೇಳಿದ್ದು.

ಮುಂದೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. ಹುಡುಗನ ತೋಳಿಗೆ ಮೀನಿನ ರಕ್ತವೂ ಪೊರೆಯೂ ಹತ್ತಿದ್ದವು. ನಾನು ಆ ತಾಯಿಗೆ ಕೈಮುಗಿಯುವ ಮೊದಲು ಚೀಲದಿಂದ ನೀರಿನ ಬಾಟಲಿ ತೆಗೆದು ಅವನ ತೋಳನ್ನು ತಿಕ್ಕಿ ತಿಕ್ಕಿ ತೊಳೆದೆ. ಒಂದು ಸಲವಲ್ಲ, ಎರಡು ಸಲ. ಆಕೆ ಅದನ್ನು ನೋಡಿದಳು. ಏನೂ ಹೇಳದೆ ಚೆಲ್ಲಿದ್ದ ಮೀನನ್ನು ಬುಟ್ಟಿಗೆ ತುಂಬಿಕೊಂಡು ಗುಂಪಿನೊಳಗೆ ಹೋದಳು. ನಾನು ತಲೆಯೆತ್ತಿದಾಗ ಆಕೆ ಅಲ್ಲಿರಲಿಲ್ಲ. ಮೊಮ್ಮಗಳು ಮೆಲ್ಲಗೆ, “ಅಜ್ಜಾ, ಅವರಿಗೆ ನೀವು ಏನೂ ಹೇಳಲೇ ಇಲ್ಲವಲ್ಲ?” ಎಂದಳು.

ಮಠದ ನೆರಳಿನಲ್ಲಿ ಓದಿ ಬೆಳೆದವನು ನಾನು. ಕಾಯಕದ ಹಿರಿಮೆಯನ್ನು ಕುರಿತು ಎಷ್ಟು ವೇದಿಕೆಗಳ ಮೇಲೆ ಮಾತನಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ದೋಣಿ ನಡೆಸಿ ಬದುಕಿದ ಅಂಬಿಗರ ಚೌಡಯ್ಯನವರನ್ನು ಕುರಿತು ಅದೇ ವರ್ಷ ಉಪನ್ಯಾಸವನ್ನೂ ಮಾಡಿದ್ದೆ. ನನ್ನ ಮನೆಯ ಕುಡಿಯನ್ನು ಉಳಿಸಿದ ಕೈಯನ್ನು ಕಂಡಾಗ ಆ ಉಪನ್ಯಾಸದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ನೀರಿನ ಬಾಟಲಿ. ಆಕೆಯನ್ನು ಅರ್ಧ ಗಂಟೆ ಹುಡುಕಿದೆ. ಒಂದೇ ಬಗೆಯಾಗಿ ಸೆರಗು ಬಿಗಿದ, ಒಂದೇ ಬಗೆಯ ಬುಟ್ಟಿ ಹಿಡಿದ ನೂರು ಮಂದಿಯ ನಡುವೆ ಆಕೆಯ ಮುಖ ನನಗೆ ಗುರುತೇ ಸಿಗಲಿಲ್ಲ. ಏಕೆಂದರೆ ನಾನು ಆಕೆಯ ಮುಖವನ್ನು ನೋಡಿರಲೇ ಇಲ್ಲ.

ಆದ್ದರಿಂದ, ಸೋದರಿ, ಮಲ್ಪೆಯ ಪ್ರವಾಸದ ಮೊದಲ ಸಿದ್ಧತೆ ಮನೆಯ ಪಡಸಾಲೆಯಲ್ಲಿ ನಡೆಯಬೇಕು. ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಿರಿ: “ನಾಳೆ ನಾವು ಹೋಗುವುದು ಬೇರೆಯವರು ದುಡಿಯುವ ಸ್ಥಳಕ್ಕೆ. ಅಲ್ಲಿ ವಾಸನೆ ಇರುತ್ತದೆ. ಕಮ್ಮಾರನ ಸಾಲೆಯಲ್ಲಿ ಹೊಗೆ ಇರುವಂತೆ, ಗಾಣದ ಮನೆಯಲ್ಲಿ ಜಿಡ್ಡು ಇರುವಂತೆ, ದನದ ಕೊಟ್ಟಿಗೆಯಲ್ಲಿ ಗಂಜಲ ಇರುವಂತೆ ಅದು ಆ ಕೆಲಸದ ವಾಸನೆ. ಹತ್ತು ನಿಮಿಷ ಕಳೆದರೆ ಅದು ರೂಢಿಯಾಗುತ್ತದೆ. ಮೂಗು ಮುಚ್ಚಬಾರದು, ಮುಖ ಸಿಂಡರಿಸಬಾರದು, ಛೀ ಎನ್ನಬಾರದು.” ನಮ್ಮ ಮನೆಯ ಆಹಾರದ ನಿಯಮ ನಮ್ಮ ನಾಲಗೆಗೆ ನಾವು ಹಾಕಿಕೊಂಡದ್ದು. ಅದನ್ನು ಬಲವಾಗಿ ಪಾಲಿಸೋಣ. ಆದರೆ ಇನ್ನೊಬ್ಬರ ಅನ್ನವನ್ನು ಅಳೆಯುವ ಕೋಲನ್ನಾಗಿ ಅದನ್ನು ಹಿಡಿಯುವುದು ಬೇಡ. ನಿಯಮ ಬೇರೆ, ತಿರಸ್ಕಾರ ಬೇರೆ ಎಂಬುದನ್ನು ಮಗುವಿಗೆ ತಿಳಿಸಲು ಧಕ್ಕೆಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ಇನ್ನು ಕಾಲದ ವಿಚಾರ. ಪಶ್ಚಿಮ ಕರಾವಳಿಯಲ್ಲಿ ಮೀನು ಮರಿ ಮಾಡುವ ಕಾಲವೆಂದು ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಆ ದಿನಗಳಲ್ಲಿ ಬೋಟುಗಳೆಲ್ಲ ದಡ ಸೇರಿರುತ್ತವೆ, ಕಡಲು ಉಗ್ರವಾಗಿರುತ್ತದೆ, ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಏಪ್ರಿಲ್, ಮೇ ತಿಂಗಳ ಸೆಕೆ ಬಯಲುಸೀಮೆಯ ಮಕ್ಕಳಿಗೆ ತಡೆಯಲಾಗದು. ನಮ್ಮ ಬಿಸಿಲು ಒಣ ಬಿಸಿಲು, ಅಲ್ಲಿಯದು ಬೆವರಿಳಿಸುವ ಸೆಕೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ. ದಸರಾ ರಜೆಯಲ್ಲಿ ಹೋಗುವುದಾದರೆ ಮಳೆ ಹಿಂದೆಗೆದಿದೆಯೆ, ದೋಣಿ ಆರಂಭವಾಗಿದೆಯೆ ಎಂದು ವಿಚಾರಿಸಿಯೇ ಹೊರಡಬೇಕು.

ಪಂಚಾಂಗವನ್ನೂ ಒಮ್ಮೆ ತೆಗೆದು ನೋಡಿರಿ. ಇದು ಮುಹೂರ್ತಕ್ಕಾಗಿ ಅಲ್ಲ, ಕಡಲಿಗಾಗಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು ೫೦ ನಿಮಿಷ ಹಿಂದೆ ಬೀಳುತ್ತದೆ, ಚಂದ್ರೋದಯ ತಡವಾಗುವಂತೆ. ಅಮಾವಾಸ್ಯೆ, ಹುಣ್ಣಿಮೆಗಳ ಸಮೀಪದಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡುವುದರಿಂದ ಏರಿಳಿತ ಅತಿ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಮಲ್ಪೆ, ಮಂಗಳೂರಿನ ಕಡೆ ಹುಣ್ಣಿಮೆಯ ಇಳಿತಕ್ಕೂ ಉಬ್ಬರಕ್ಕೂ ಇರುವ ಅಂತರ ಒಂದು ಮೀಟರಿಗಿಂತ ಕೊಂಚ ಹೆಚ್ಚು. ಇದು ದೊಡ್ಡ ಅಳತೆಯಲ್ಲವೆಂದು ತೋರಬಹುದು. ಆದರೆ ಏಳು ವರ್ಷದ ಮಗುವಿನ ಎತ್ತರವೂ ಅಷ್ಟೇ ಅಲ್ಲವೆ? ಇಳಿತದಲ್ಲಿ ಧಕ್ಕೆಯ ಅಂಚಿನಿಂದ ನೀರು ಇನ್ನೊಂದು ಮಗುವಿನೆತ್ತರ ಕೆಳಗೆ ಹೋಗಿರುತ್ತದೆ ಎಂದು ತಿಳಿಯಬೇಕು.

ಶಿವಮೊಗ್ಗದಿಂದ ಮಲ್ಪೆಗೆ ಸುಮಾರು ೧೫೦ ಕಿಲೋಮೀಟರ್. ಲೆಕ್ಕದಲ್ಲಿ ದೂರವಲ್ಲ, ಆದರೆ ನಡುವೆ ಆಗುಂಬೆಯ ಘಾಟಿ ಇದೆ. ಅದರ ೧೪ ತಿರುವುಗಳಲ್ಲಿ ಹೊಟ್ಟೆ ತುಂಬಿದ ಮಕ್ಕಳಿಗೆ ವಾಂತಿ ತಪ್ಪದು. ಬೆಳಿಗ್ಗೆ ಹಾಲು ಕುಡಿಸದೆ, ಒಂದೆರಡು ಬಾಳೆಹಣ್ಣನ್ನೋ ಹುರಿದ ಅವಲಕ್ಕಿಯನ್ನೋ ಕೊಟ್ಟು ಹೊರಡಿಸಿರಿ. ಬುತ್ತಿಯನ್ನು ಘಾಟಿ ಇಳಿದ ಮೇಲೆ ಬಿಚ್ಚಿರಿ. ಕೈಯಲ್ಲಿ ನಿಂಬೆಹಣ್ಣು ಇರಲಿ. ನಾಲ್ಕೂವರೆಗೆ ಹೊರಟರೆ ಬಂದರಿನ ಬೆಳಗಿನ ವ್ಯಾಪಾರದ ಕೊನೆಯ ಭಾಗವಾದರೂ ಕಾಣಸಿಗುತ್ತದೆ. ಹಿಂದಿನ ಸಂಜೆಯೇ ಉಡುಪಿಗೆ ಬಂದು ತಂಗಿದರೆ ಇನ್ನೂ ಒಳ್ಳೆಯದು; ಅಲ್ಲಿಂದ ಮಲ್ಪೆಗೆ ೬ ಕಿಲೋಮೀಟರ್ ಮಾತ್ರ. ಸಸ್ಯಾಹಾರದ ಚಿಂತೆಯೂ ಬೇಡ. ಉಡುಪಿಯ ಹೆಸರೇ ಅದಕ್ಕೆ ಸಾಕು.

ಧಕ್ಕೆಯ ಮೇಲೆ ನಡೆಯುವುದಕ್ಕೆ ನಾವು ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಒಂದು ಮಗುವಿಗೆ ಒಬ್ಬ ಹಿರಿಯರು. ಆ ಹಿರಿಯರ ಕೈ ಸದಾ ಆ ಮಗುವಿನ ಕೈಯಲ್ಲಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲವೆಂದೇ ಅರ್ಥ. ಅಂದು ನಾವು ಮೂವರು ಹಿರಿಯರಿದ್ದೂ ಹುಡುಗ ಅಂಚಿಗೆ ಹೋದದ್ದು ಹೀಗೆಯೇ. ಅಂಚಿನಿಂದ ನಾಲ್ಕು ಹೆಜ್ಜೆ ಒಳಗೇ ನಡೆಯಬೇಕು. ನುಣುಪು ಅಟ್ಟೆಯ ಚಪ್ಪಲಿ ಬೇಡ. ಹಿಂದೆ ಪಟ್ಟಿಯಿರುವ, ನೆಲ ಹಿಡಿಯುವ ಪಾದರಕ್ಷೆ ಬೇಕು. ಬೋಟು ಕಟ್ಟಿದ ಹಗ್ಗವನ್ನು ದಾಟಬಾರದು, ಸುರುಳಿ ಬಿದ್ದ ಹಗ್ಗದೊಳಗೆ ಕಾಲಿಡಬಾರದು. ಅಲೆಗೆ ಬೋಟು ಜಗ್ಗಿದರೆ ಸಡಿಲವಾಗಿದ್ದ ಹಗ್ಗ ಕ್ಷಣಾರ್ಧದಲ್ಲಿ ಬಿಲ್ಲಿನ ಹೆದೆಯಂತಾಗುತ್ತದೆ. ಕರೆಯದೆ ಯಾರ ಬೋಟನ್ನೂ ಹತ್ತಬಾರದು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಕಾವಲಿನವರು ಒಳಗೆ ಬೇಡವೆಂದರೆ ವಾದಿಸದೆ ಹಿಂದಿರುಗಬೇಕು. ಮಗುವಿನ ಕಿಸೆಯಲ್ಲಿ ತಂದೆತಾಯಿಯ ಹೆಸರು, ದೂರವಾಣಿ ಸಂಖ್ಯೆ ಬರೆದ ಚೀಟಿ ಇರಬೇಕು.

ನೋಡಲು ಏನಿದೆ ಎಂದು ಕೇಳಿದ್ದೀರಿ. ಮಗುವಿನ ಕಣ್ಣಿಗೆ ಅಲ್ಲಿ ಒಂದು ಲೋಕವೇ ಇದೆ. ಎಲ್ಲ ಬೋಟುಗಳೂ ಒಂದೇ ಅಲ್ಲ. ದಡದ ಸಮೀಪದಲ್ಲಿ ಬೀಸುವ ನಾಡದೋಣಿ ಬೇರೆ. ಮೀನಿನ ಹಿಂಡನ್ನು ಸುತ್ತುವರಿದು ಬಲೆಯ ಬಾಯನ್ನು ಸಂಚಿಯಂತೆ ಬಿಗಿಯುವ ಪರ್ಸೀನ್ ಬೋಟು ಬೇರೆ. ಚೀಲದಂಥ ಬಲೆಯನ್ನು ಹಿಂದೆ ಎಳೆದುಕೊಂಡು ಸಾಗುವ ಟ್ರಾಲ್ ಬೋಟು ಬೇರೆ. ಆಳಸಮುದ್ರಕ್ಕೆ ಹೋಗುವ ಬೋಟುಗಳು ಹತ್ತು ದಿನವಾದರೂ ಹಿಂದಿರುಗದೆ ಅಲ್ಲಿಯೇ ಇರುವುದುಂಟು. ಹಾಗಾದರೆ ಹಿಡಿದ ಮೀನು ಕೆಡುವುದಿಲ್ಲವೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಮಂಜುಗಡ್ಡೆಯನ್ನು ತೋರಿಸಿರಿ. ಕಾರ್ಖಾನೆಯಲ್ಲಿ ದಿಮ್ಮಿಗಳಾಗಿ ಹೆಪ್ಪುಗಟ್ಟಿದ ನೀರನ್ನು ಯಂತ್ರದಲ್ಲಿ ಪುಡಿ ಮಾಡಿ, ಹೊರಡುವ ಬೋಟಿನ ಒಡಲಿಗೆ ತುಂಬುತ್ತಾರೆ. ಮೀನುಗಾರ ಕಡಲಿಗೆ ಹೋಗುವಾಗ ಒಯ್ಯುವ ಬುತ್ತಿಯಲ್ಲಿ ಅಕ್ಕಿ, ನೀರು, ಡೀಸೆಲ್ಲಿನ ಜೊತೆಗೆ ಮಂಜುಗಡ್ಡೆಯೂ ಸೇರಿದೆ.

ಬಲೆ ಹೆಣೆಯುವವರ ಬಳಿ ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲಿರಿ. ನೆರಳಿನಲ್ಲಿ ಸಾಲಾಗಿ ಕುಳಿತು, ಕಾಲ ಹೆಬ್ಬೆರಳಿಗೆ ಬಲೆಯನ್ನು ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುವ ಆ ತಾಳ್ಮೆ ಕಾಣುವಂಥದ್ದು. ಎರಡನೆಯ ಸಲ ಹೋದಾಗ ಅಲ್ಲಿನ ವೃದ್ಧರೊಬ್ಬರು ನನ್ನ ಮೊಮ್ಮಗಳಿಗೆ ಬಲೆಯ ಕಣ್ಣು ಸಣ್ಣದಿದ್ದರೆ ಏನು ಕೆಡುಕೆಂಬುದನ್ನು ವಿವರಿಸಿದರು: ಕಣ್ಣು ಸಣ್ಣದಾದರೆ ಮರಿಗಳೂ ಸಿಕ್ಕಿಬೀಳುತ್ತವೆ, ಮರಿ ಹೋದರೆ ಮುಂದಿನ ವರ್ಷದ ಮೀನು ಹೋಯಿತು. ಬಿತ್ತನೆಯ ಕಾಳನ್ನು ಉಣ್ಣಬಾರದೆಂದು ನಮ್ಮ ರೈತ ಹೇಳುವ ಮಾತನ್ನೇ ಅವರು ಕಡಲಿನ ಭಾಷೆಯಲ್ಲಿ ಹೇಳಿದ್ದರು.

ಮಕ್ಕಳು ತಿಳಿಯುವ ವಯಸ್ಸಿನವರಾಗಿದ್ದರೆ ಇನ್ನೊಂದು ಸಂಗತಿಯನ್ನೂ ಹೇಳಿರಿ. ೨೦೧೮ರ ಡಿಸೆಂಬರ್ ೧೩ರಂದು ‘ಸುವರ್ಣ ತ್ರಿಭುಜ’ ಎಂಬ ಬೋಟು ಇದೇ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟಿತು. ಎರಡು ದಿನಗಳ ಬಳಿಕ ಅದರ ಸಂಪರ್ಕ ಕಡಿಯಿತು. ಏಳು ಮನೆಗಳವರು ತಿಂಗಳುಗಟ್ಟಲೆ ದಾರಿ ನೋಡಿದರು. ೨೦೧೯ರ ಮೇ ತಿಂಗಳಲ್ಲಿ ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ಅದರ ಅವಶೇಷವನ್ನು ಗುರುತಿಸಿತು. ಹೋದವರು ಹಿಂದಿರುಗಲಿಲ್ಲ. ಮಕ್ಕಳನ್ನು ಹೆದರಿಸಲು ನಾನು ಇದನ್ನು ಹೇಳುತ್ತಿಲ್ಲ. ಬೋಟೊಂದು ಬಂದು ಧಕ್ಕೆಗೆ ತಾಗಿದಾಗ ಅಲ್ಲಿ ನಿಂತ ಹೆಂಗಸಿನ ಮುಖ ಏಕೆ ಅರಳುತ್ತದೆ ಎಂಬುದು ಮಕ್ಕಳಿಗೆ ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ. ಇದನ್ನು ಅರಿತ ಮಗು ವಾಸನೆಯ ಮಾತನ್ನು ಮತ್ತೆ ಎತ್ತುವುದಿಲ್ಲ.

ಧಕ್ಕೆಯ ಮೇಲೆ ಒಂದು ಗಂಟೆ ಸಾಕು. ಬಿಸಿಲೇರುವ ಮುನ್ನ ದ್ವೀಪದ ದೋಣಿ ಹಿಡಿಯಬೇಕು. ಸೇಂಟ್ ಮೇರಿಸ್ ದ್ವೀಪವೆಂದು ಹೆಸರಾದ ಆ ನಡುಗಡ್ಡೆಗಳಲ್ಲಿ ೧೪೯೮ರಲ್ಲಿ ವಾಸ್ಕೋ ಡ ಗಾಮನು ಇಳಿದು ಆ ಹೆಸರಿಟ್ಟನೆಂದು ಪ್ರತೀತಿ. ಅದಕ್ಕಿಂತ ದೊಡ್ಡ ಕಥೆಯನ್ನು ಅಲ್ಲಿನ ಕಲ್ಲುಗಳು ಹೇಳುತ್ತವೆ. ಯಾರೋ ಶಿಲ್ಪಿ ಉಳಿಯಿಂದ ಕಡೆದು ನಿಲ್ಲಿಸಿದಂತೆ ಐದು, ಆರು ಮುಖಗಳ ಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಶಿಲ್ಪಿ ಯಾರೂ ಇಲ್ಲ. ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಇಂದಿನ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದಲ್ಲಿ, ನೆಲದೊಳಗಿನಿಂದ ಉಕ್ಕಿದ ಲಾವಾರಸ ಆರುತ್ತ ಕುಗ್ಗುತ್ತ ಬಿರಿದು ಕಂಬಗಳಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬೇಸಗೆಯಲ್ಲಿ ನಮ್ಮ ಊರಿನ ಕೆರೆ ಬತ್ತಿದಾಗ ಅದರ ಕೆಸರು ಬಿರಿದು ಹಲವು ಮೂಲೆಗಳ ಹಲಗೆಗಳಾಗುವುದನ್ನು ಕಂಡ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದ್ದರಿಂದ ನೆನಪಿಗೆಂದು ಒಂದು ಚೂರು ಕಲ್ಲನ್ನೂ ತರಬಾರದು. ಒಯ್ದ ಪ್ಲಾಸ್ಟಿಕ್ಕನ್ನು ಅಲ್ಲಿ ಬಿಡಲೂ ಬಾರದು.

ದೋಣಿಯ ವಿಷಯದಲ್ಲಿ ಒಂದೇ ಸೂತ್ರ: ಮೀನುಗಾರನು ದಡದಲ್ಲಿ ಕುಳಿತ ದಿನ ನಾವು ದೋಣಿ ಹತ್ತಬಾರದು. ಗಾಳಿ ಎದ್ದಿದೆ, ಇಂದು ಬೇಡ ಎಂದು ದೋಣಿಯವರು ಹೇಳಿದರೆ, ಅಷ್ಟು ದೂರದಿಂದ ಬಂದಿದ್ದೇವೆಂದು ದುಂಬಾಲು ಬೀಳಬೇಡಿರಿ. ಕಡಲಿಗೆ ನಮ್ಮ ದೂರದ ಲೆಕ್ಕವಿಲ್ಲ. ಹತ್ತಿದ ಮೇಲೆ ಜೀವರಕ್ಷಕ ಅಂಗಿಯನ್ನು ಸುಮ್ಮನೆ ಹೆಗಲಿಗೆ ಹಾಕಿಕೊಳ್ಳದೆ ಅದರ ಪಟ್ಟಿಗಳನ್ನು ಬಿಗಿಯಬೇಕು. ಮಗುವಿಗೆ ಮಗುವಿನ ಅಳತೆಯದನ್ನೇ ಕೇಳಿ ಪಡೆಯಬೇಕು. ದ್ವೀಪದ ಬಂಡೆಗಳ ಮೇಲೆ ಪಾಚಿ ಇರುವಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಹುಚ್ಚು ಬೇಡ.

ಅದೇ ಕಡಲಲ್ಲಿ ಇನ್ನೊಂದು ನಡುಗಡ್ಡೆಯೂ ಇದೆ. ಅದರ ಹೆಸರು ದರಿಯಾ ಬಹಾದ್ದೂರ್‌ಗಡ. ಅದರ ಮೇಲೆ ಕೋಟೆ ಕಟ್ಟಿಸಿದವನು ಬಿದನೂರಿನ ಬಸಪ್ಪ ನಾಯಕ. ಆತ ಕೆಳದಿಯ ಅರಸ. ಘಟ್ಟದ ಮೇಲೆ ಕುಳಿತು ಆಳಿದ ಆ ಮನೆತನಕ್ಕೆ ಕಡಲೆಂದರೆ ಪರಕೀಯವಾಗಿರಲಿಲ್ಲ. ಬಸರೂರಿನಂಥ ಬಂದರುಗಳಿಂದ ಅವರ ನಾಡಿನ ಅಕ್ಕಿ ಹಡಗು ಹತ್ತಿ ಹೋಗುತ್ತಿತ್ತು. ‘ನಮ್ಮಂಥವರಿಗೂ ಬಂದರಿಗೂ ಏನು ಸಂಬಂಧ’ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಈ ಕೋಟೆಯನ್ನು ನೆನಪಿಸಿರಿ.

ಮಧ್ಯಾಹ್ನದ ಬುತ್ತಿಯನ್ನು ಮಲ್ಪೆಯ ಮರಳ ದಂಡೆಯ ಬದಿಯ ನೆರಳಿನಲ್ಲಿ ಬಿಚ್ಚಬಹುದು. ಚಪಾತಿ, ಶೇಂಗಾ ಚಟ್ನಿ, ಚಿತ್ರಾನ್ನ ತಡೆಯುತ್ತವೆ. ತೆಂಗಿನಕಾಯಿ ಹಾಕಿದ್ದು ಆ ಸೆಕೆಯಲ್ಲಿ ಹಳಸುತ್ತದೆ. ಮಜ್ಜಿಗೆ, ನೀರು ಧಾರಾಳವಾಗಿರಲಿ. ಊಟದ ಬಳಿಕ ಮಕ್ಕಳನ್ನು ಅಲೆಯಲ್ಲಿ ಬಿಡುವುದಾದರೆ ಕೆಂಪು ಬಾವುಟವಿಲ್ಲದ, ಜೀವರಕ್ಷಕ ಸಿಬ್ಬಂದಿ ಇರುವ ಕಡೆಯಲ್ಲಿ, ಮೊಣಕಾಲಿನಷ್ಟು ನೀರಿನಲ್ಲಿ ಮಾತ್ರ. ಹಿಂದಿರುಗುವ ಅಲೆ ಪಾದದಡಿಯ ಮರಳನ್ನು ಎಳೆದೊಯ್ಯುವುದನ್ನು ಅವರಿಗೇ ತೋರಿಸಿರಿ. ಕೆರೆಯ ನೀರು ನಿಂತ ನೀರು, ಕಡಲಿನ ನೀರು ಕೈ ಹಿಡಿದು ಕರೆಯುವ ನೀರು ಎಂಬುದು ಆಗ ತಿಳಿಯುತ್ತದೆ. ಅಲೆಗೆ ಇಳಿಯಲಾರದ ವೃದ್ಧರಿಗೆ ೨೦೧೮ರಲ್ಲಿ ತೆರೆದ ಸಮುದ್ರ ನಡಿಗೆಯ ಹಾದಿ ಇದೆ. ಅದರ ತುದಿಯಲ್ಲಿ ನಿಂತರೆ ಬೋಟುಗಳು ಅಳಿವೆಯ ಮೂಲಕ ಬಂದರು ಹೊಗುವುದನ್ನು ಕಾಣಬಹುದು.

ನಾಲ್ಕು ಗಂಟೆಗೆ ಹೊರಟುಬಿಡಿರಿ. ಮಕ್ಕಳು ಕಡಲಿನ ಸೂರ್ಯಾಸ್ತ ಬೇಕೆನ್ನುತ್ತಾರೆ. ಆದರೆ ಅದನ್ನು ನೋಡಿ ಹೊರಟರೆ ಘಾಟಿಯನ್ನು ಕತ್ತಲೆಯಲ್ಲಿ ಹತ್ತಬೇಕು, ದಣಿದ ಚಾಲಕ, ಮಂಜು ಮುಸುಕಿದ ತಿರುವು. ಬೇಗ ಹೊರಟರೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಬಳಿ ಹೊತ್ತು ಮುಳುಗುವುದನ್ನು ಕಾಣಬಹುದು. ಆಕಾಶ ಶುಭ್ರವಾಗಿದ್ದರೆ ಬೆಳಿಗ್ಗೆ ಆಡಿದ ಅದೇ ಕಡಲು ದೂರದಲ್ಲಿ ಬೆಳ್ಳಿಯ ಗೆರೆಯಾಗಿ ಕಾಣುತ್ತದೆ.

ಮರುವರ್ಷದ ಜನವರಿಯಲ್ಲಿ ನಾವು ಮತ್ತೆ ಹೋದೆವು. ಈ ಸಲ ನಾನು ಹೆಗಲ ವಸ್ತ್ರವನ್ನು ಗಾಡಿಯಲ್ಲಿಯೇ ಬಿಟ್ಟಿದ್ದೆ. ಅದೇ ಜಾಗದಲ್ಲಿ ನಿಂತು ಸುತ್ತಲೂ ನೋಡಿದೆ. ಆ ತಾಯಿ ಸಿಗಲಿಲ್ಲ; ಸಿಕ್ಕಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಬುಟ್ಟಿಯ ಮುಂದೆ ಕುಳಿತಿದ್ದ ಹಿರಿಯ ಹೆಂಗಸೊಬ್ಬರಿಗೆ ನಡೆದದ್ದನ್ನೆಲ್ಲ ಹೇಳಿ, “ತಾಯಿ, ಅವರು ಯಾರೆಂದು ನನಗೆ ಗೊತ್ತಿಲ್ಲ. ನೀವೇ ಅವರೆಂದು ತಿಳಿದು ಕೈಮುಗಿಯುತ್ತೇನೆ” ಎಂದೆ. ಆಕೆ ನಕ್ಕು, “ಅಯ್ಯೋ, ಅದೆಂಥ ದೊಡ್ಡ ವಿಷಯ ಅಜ್ಜ? ಮಗು ಬೀಳುವಾಗ ಯಾರಾದ್ರೂ ಹಿಡೀತಾರೆ” ಎಂದು ಮತ್ತೆ ಮೀನು ವಿಂಗಡಿಸತೊಡಗಿದರು. ಮೊಮ್ಮಗ ಅವರ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ಇದು ಬಂಗುಡೆಯೋ ಬೂತಾಯಿಯೋ ಎಂದು ಕೇಳತೊಡಗಿದ. ಅವನ ಕೈ ಮೂಗಿನ ಮೇಲಿರಲಿಲ್ಲ, ನನ್ನ ಕೈಯಲ್ಲಿತ್ತು.

ಹೋಗಿಬನ್ನಿರಿ ಸೋದರಿ. ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿಯಿರಿ. ಅಲ್ಲಿ ಯಾರಾದರೂ ನಿಮಗೆ ಒಂದು ಸಣ್ಣ ಉಪಕಾರ ಮಾಡಿದರೆ, ಮೊದಲು ಅವರ ಮುಖವನ್ನು ನೋಡಿರಿ. ಕೈ ತೊಳೆಯುವುದಕ್ಕೆ ಆಮೇಲೆ ಬೇಕಾದಷ್ಟು ಸಮಯವಿರುತ್ತದೆ.